ಬಾಗಿಲಿನ ಗೀಟುಗಳು

ಸೋಮವಾರ ಅದಿನ್ನೂ ಬರೀ ಒಂದು ಅಂಕಿ.
ಕೇಪ್ ವರ್ಡೆಯ ಆಚೆ ಎಲ್ಲೋ ಮೋಡದ ಮುದ್ದೆ;
ರೇಡಿಯೋದವನು ಮೀನಿನ ದರ ಓದಿದ ದನಿಯಲ್ಲೇ
ಅದನ್ನೂ ಓದಿದ. ಲಾಬ್‌ಸ್ಟರ್ ಬೋನಿಗೆ
ತಂತಿ ಬಿಗಿಯುತ್ತಿದ್ದ ಲಿನ್‌ಫರ್ಡ್ ತಲೆಯೆತ್ತಲಿಲ್ಲ.

ಬುಧವಾರ ಹೆಸರಿಟ್ಟರು.
ಹೆಸರಿಟ್ಟ ಮೇಲೆ ವಿಚಾರಿಸದೆ ಇರಲಾಗುತ್ತದೆಯೇ?
"ಉಂಡಿತಂತೋ?" ಎಂದು ಬೇಲಿಯಾಚೆಯಿಂದ ಓವೆಟಾ ನಕ್ಕಳು,
ಒಂಬತ್ತು ಹೆತ್ತವಳು.
ಉಂಡಿತ್ತು. ರಾತ್ರಿಯಿಡೀ ಬೆಚ್ಚನೆ ನೀರು,
ಕುಡಿದಷ್ಟೂ ದುಂಡಗಾಗುತ್ತ.

ಶುಕ್ರವಾರ ಕಣ್ಣು ಬಿಟ್ಟಿತು.
ಶಾಲೆಯ ಟೀವಿಯಲ್ಲಿ ನೋಡಿದೆವು, ಬೆಂಚು ಹತ್ತಿ ನಿಂತು:
ಬಿಳಿ ಹಿಟ್ಟಿನ ನಡುವೆ ಹೆಬ್ಬೆಟ್ಟು ಒತ್ತಿದ ಕುಳಿ.
ಬೆಕ್ಕಿನ ಮರಿ ಕಣ್ಣು ಬಿಟ್ಟರೆ ಊರು ಕೂಡಿಸುವ ಮಕ್ಕಳು
ಸುಮ್ಮನಿದ್ದರು. ಅದರೆದುರು ನಮ್ಮ ಬಾರ್ಬುಡಾ
ಗಾಜಿಗೆ ಅಂಟಿದ ನುಸಿ;
ಮೇಷ್ಟ್ರು ಒರೆಸಲು ಹೋಗಿ ಕೈ ಹಿಂದೆಗೆದರು.

ಮನೆಗೆ ಬಂದವಳೇ ಜೆರ್ಲಿನ್ ಬಾಗಿಲಿಗೆ ಬೆನ್ನು ಕೊಟ್ಟಳು:
ಅಳೆ, ಅಮ್ಮ.
ಹುಟ್ಟುಹಬ್ಬಕ್ಕೆ ಇನ್ನೂ ಎಂಟು ದಿನ ಇದೆಯಲ್ಲೇ.
ಈಗಲೇ ಅಳೆ.
ಪೆನ್ಸಿಲ್ ಗೀಟು. ಹೋದ ವರ್ಷಕ್ಕಿಂತ ಎರಡು ಬೆರಳು.
ಅಷ್ಟರಲ್ಲಿ ರೇಡಿಯೋ: ಮೂರಲ್ಲ, ನಾಲ್ಕು.
ದೀಪ ಹಚ್ಚುವ ಹೊತ್ತಿಗೆ: ನಾಲ್ಕಲ್ಲ.
ಮಗುವಿಗೆ ದೃಷ್ಟಿ ತಾಗದಿರಲಿ ಎಂದುಕೊಳ್ಳುವಾಗ
ನೆನಪಾಯಿತು, ಕಣ್ಣೇ ಇತ್ತ ಬರುತ್ತಿದೆ.

ಭಾನುವಾರ ಕಡಲು ಎಣ್ಣೆ. ಎಲೆ ಅಲ್ಲಾಡದು.
ಹಿನ್ನೀರಿನ ಕಾಂಡ್ಲಾ ಕಾಡಿನಿಂದ ಫ್ರಿಗೇಟ್ ಹಕ್ಕಿಗಳು
ಕೆಂಪು ಗಂಟಲು ಉಬ್ಬಿಸದೆ, ಜಗಳವಾಡದೆ
ಒಂದರ ಹಿಂದೊಂದು ಎದ್ದು ಮೇಲಕ್ಕೆ, ಇನ್ನೂ ಮೇಲಕ್ಕೆ.
ಕತ್ತೆಗಳು ಮಾತ್ರ ರಸ್ತೆಯ ನಡುವೆ
ಎಂದಿನಂತೆ ನಿಂತಿದ್ದವು,
ದೋಣಿಯ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎಂದು ಬಲ್ಲವರ ಹಾಗೆ.

ಹಲಗೆ ಸಾಲಲಿಲ್ಲ. ಲಿನ್‌ಫರ್ಡ್ ಬಚ್ಚಲ ಕದ ಕಿತ್ತ,
ಕಪಾಟಿನದು ಕಿತ್ತ, ಆಮೇಲೆ ಆ ಬಾಗಿಲಿನ ತಿರುಪು ಬಿಚ್ಚಿ
ಹೊತ್ತೊಯ್ದು ಕಡಲ ಕಡೆಯ ಕಿಟಕಿಗೆ ಆನಿಸಿದ.
ಬಾಯ ತುಂಬ ಮೊಳೆ. ಹುಬ್ಬಿನಲ್ಲೇ ಕೇಳಿದ ಮಗಳನ್ನು,
ಗೀಟು ಯಾವ ಕಡೆಗೆ?
"ಒಳಗೆ," ಅಂದಳು. "ನಾನು ಎಷ್ಟಿದ್ದೀನಿ ಅಂತ
ಅದಕ್ಕೆ ಗೊತ್ತಾಗಬಾರದು."

ಹೊಡೆದ. ಕೋಣೆ ಕತ್ತಲಾಯಿತು.
ತಡಕಿದೆ. ಆರು ಗೀಟು, ಕೊನೆಯದು ಇನ್ನೂ ಹುಡಿ ಹುಡಿ.
ಬೆರಳಿನಡಿ ಬಾಗಿಲು ಸಣ್ಣಗೆ
ಒಳಕ್ಕೊಮ್ಮೆ, ಹೊರಕ್ಕೊಮ್ಮೆ,
ಆಚೆ ಯಾರೋ ಬೆನ್ನು ಕೊಟ್ಟು
ಅಳೆ ಎಂದು ನಿಂತಂತೆ.