ಒಂದು ಕೊಂಬು

ಬಾಣಾವರದ ನಾಡಕಚೇರಿ ಎದುರು
ಹೊಂಗೆ ಮರದಡಿ ನನ್ನ ಮೇಜು.
ಮೇಜೆಂದರೆ ಟೀಪುಡಿಯ ಪೆಟ್ಟಿಗೆ, ಮೇಲೊಂದು ರಟ್ಟು.
ಅರ್ಜಿಗೆ ನಲವತ್ತು ರೂಪಾಯಿ, ಮುದುಕಿಯರಿಗೆ ಇಪ್ಪತ್ತು.

ಕಲ್ಲೇಶಿಗೆ ಹತ್ತೊಂಬತ್ತು ಬರೆದಿದ್ದೆ.
ಅವರಪ್ಪ ಮರುಳಪ್ಪ. ಪಹಣಿಯಲ್ಲಿ ಮರಳಪ್ಪ.
ಯಾರೋ ಮಧ್ಯಾಹ್ನದ ನಿದ್ದೆಗಣ್ಣಲ್ಲಿ
ರಕಾರದ ಕೊಂಬು ಬಿಟ್ಟುಬಿಟ್ಟಿದ್ದರು.
ಅಷ್ಟಕ್ಕೇ ಒಂದು ಎಕರೆ ಹನ್ನೆರಡು ಗುಂಟೆ
ಇಲ್ಲದ ಮನುಷ್ಯನ ಹೆಸರಿಗೆ ಹೋಗಿ ಕೂತಿತ್ತು.

ಪ್ರತಿ ಸಲವೂ ಅದೇ: 'ಮಾನ್ಯರೇ,
ತಮ್ಮಲ್ಲಿ ಸವಿನಯ ಪ್ರಾರ್ಥನೆ.'
ಕೊನೆಯ ಸಲ, ಹುಬ್ಬಿನಲ್ಲಿ ಕ್ವಾರಿಯ ಧೂಳು ಹೊತ್ತುಕೊಂಡೇ ಬಂದು
ಕೇಳಿದ: 'ಸ್ವಾಮೇರಾ, ಇದಕ್ಕಿಂತ ಗಟ್ಟಿ ಮಾತು ಇಲ್ವಾ?'
'ಕಾಗದದಲ್ಲಿ ಇಷ್ಟೇ ಕಣಪ್ಪ' ಅಂದೆ.
ಚಿಲ್ಲರೆ ವಾಪಸ್ಸು ಕೊಟ್ಟೆ.

ಮಂಗಳವಾರ. ಅರಸೀಕೆರೆ ಕಡೆಯ ಗಾಡಿ ಆಗಷ್ಟೇ ಹೋಗಿತ್ತು.
ಮೊದಲು, ವ್ಯಾಗನ್ನು ಡಿಕ್ಕಿ ಹೊಡೆಯಿತು ಅಂದುಕೊಂಡೆ.
ಆಮೇಲೆ ಮರ ತನ್ನ ಎಲೆಯನ್ನೆಲ್ಲ ಒಟ್ಟಿಗೆ ಕೊಡವಿತು.
ಕಿಟಕಿಯಿಂದ ಹೊಗೆ. ಹೊಗೆಯ ಹಿಂದೆ ಕಾಗದ,
ಕಾಗದ, ಕಾಗದ,
ಬಸ್ ಸ್ಟ್ಯಾಂಡಿನವರೆಗೂ.
ಜನ ಓಡಿಬಂದು ಹೆಕ್ಕತೊಡಗಿದರು
ತಮ್ಮ ತಮ್ಮ ಸರ್ವೆ ನಂಬರು ಹುಡುಕುತ್ತ.
ನಾನೂ ಒಂದು ಹೆಕ್ಕಿದೆ. ಅಂಚು ಸುಟ್ಟಿತ್ತು.
'ಸವಿನಯ' ಅಂತಿತ್ತು. ನನ್ನದೇ ಅಕ್ಷರ.

ಸಾಹೇಬರು ಅವತ್ತು ಹಾಸನದಲ್ಲಿ, ಮೀಟಿಂಗು.
ಕೊಂಬು ಬಿಟ್ಟವರು ರಿಟೈರಾಗಿ ಎಷ್ಟೋ ವರ್ಷ.
ಒಳಗಿದ್ದದ್ದು ಜವಾನ ಹಾಲಪ್ಪ,
ನೀರಿನ ಕ್ಯಾನು ಮಗುಚುತ್ತ.

ಕಲ್ಲೇಶಿ ಸಂಜೆ ತಾನೇ ಠಾಣೆಗೆ ಹೋಗಿ
ಬೆಂಚಿನ ಮೇಲೆ ಕೂತಿದ್ದನಂತೆ, ಸರದಿಯಲ್ಲಿ.

ಪೊಲೀಸರು ನನ್ನನ್ನು ಕೇಳಿದರು,
ಅವನ ಮಾತಲ್ಲಿ ಏನಾದರೂ ಸುಳಿವು ಇತ್ತಾ?
ಹತ್ತೊಂಬತ್ತರ ನಕಲೂ ಇದೆ ಸಾರ್, ಓದಿ, ಅಂದೆ.
ಓದಿದರು.
ಅವನ್ನು ಯಾರಾದರೂ ಪೂರ್ತಿ ಓದಿದ್ದು
ಬಹುಶಃ ಅದೇ ಮೊದಲು.

ಹದಿನೈದನೇ ದಿನ ನೀಲಮ್ಮ ಬಂದಳು, ಹಾಲಪ್ಪನ ಹೆಂಡತಿ.
ಪರಿಹಾರದ ಅರ್ಜಿ. ಕಚೇರಿ ಈಗ ಹಳೇ ಸ್ಕೂಲಿನಲ್ಲಿ,
ಸೀಲು ಇನ್ನೂ ಬಂದಿಲ್ಲ.
ಪೆನ್ನು ತಾನಾಗೇ 'ಮಾನ್ಯರೇ' ಬರೆಯಿತು,
'ಮರಣದ ಕಾರಣ' ಅನ್ನುವಲ್ಲಿ ನಿಂತಿತು.
ಆ ಖಾನೆಯಲ್ಲಿ ನನ್ನ ಹೆಸರಿಗೂ ಒಂದಿಷ್ಟು ಜಾಗ ಇದೆ ಅನಿಸಿ
ಕೆಳಗಿಟ್ಟೆ. ಮತ್ತೆ ತಗೊಂಡೆ.

'ಹಾಲಪ್ಪ' ಅಂತ ಬೆರಳಿಟ್ಟು ಓದಿ ಹೇಳಿದೆ,
'ಇಗೋ ಹ, ಇಗೋ ಅದರ ಇಳಿ. ಸರಿಯಾಗಿದೆ ನೋಡು.'
ಅವಳಿಗೆ ಓದು ಬಾರದು.
ಆದರೂ ಬಗ್ಗಿ ನೋಡಿದಳು
ಬಹಳ ಹೊತ್ತು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.

ಆಮೇಲೆ ನಲವತ್ತು ರೂಪಾಯಿ ರಟ್ಟಿನ ಮೇಲಿಟ್ಟಳು.
ತಗೊಂಡೆ.