ಬಚ್ಚಲಲ್ಲಿ ಕಾಲು ಜಾರಿ

ಹದಡಿ ರಸ್ತೆಯ ನಮ್ಮ ಆಶ್ರಯಧಾಮದಲ್ಲಿ
ಬಚ್ಚಲು ಒಂದೇ.
ಜಾರಿದವರು ಮಾತ್ರ ಲೆಕ್ಕಕ್ಕಿಲ್ಲ.
ರಿಜಿಸ್ಟರು ತೆಗೆದು ನೋಡಿ:
ಗಿರಿಜವ್ವ, ಬಚ್ಚಲಲ್ಲಿ ಕಾಲು ಜಾರಿ, ತುಟಿ.
ಹೆಸರು ಹೇಳದ ಹುಡುಗಿ, ಬಚ್ಚಲಲ್ಲಿ ಕಾಲು ಜಾರಿ, ಬೆನ್ನು.
ಮಾಬುಬಿ, ಕಾಲು ಜಾರಿ, ಎರಡೂ ಮುಂಗೈ,
ಬಳೆ ತೊಟ್ಟಂತೆ ಸುತ್ತ ನೀಲಿ.

ಯಾವ ನೆಲವಪ್ಪಾ ಅದು,
ಬಿದ್ದವರ ಮುಂಗೈ ಹಿಡಿದು ತಿರುವುವ ನೆಲ!

ನಾನು ಸೇರಿದ ದಿನ ಹಳಬಳು ಸಾವಂತ್ರಕ್ಕ
ಬೀಗದ ಕೈ ಗೊಂಚಲಿನ ಜೊತೆ
ಹಳೆಯದೊಂದು ವೇಲು ಕೊಟ್ಟಳು.
ಇದ್ಯಾಕೆ?
ನಾಲ್ಕು ಗಂಟೆಗೆ ಗೊತ್ತಾಗುತ್ತೆ.

ಗೊತ್ತಾಯಿತು.
ಹರಿಹರದ ಕಡೆ ರೈಲು ಕೂಗಿ ಹೋದ ಮೇಲೆ
ಮಾಬುಬಿ ಎದ್ದು ಕೂತು
ಗಾಳಿಯಲ್ಲಿ ಎರಡೂ ಕೈ ಬೀಸತೊಡಗಿದಳು.
ಹತ್ತಿರ ಹೋದೆ, ಎದೆಗೆ ಗುದ್ದಿದಳು.
ಮತ್ತೆ ಹೋದೆ, ದಬ್ಬಿದಳು, ಗೋಡೆಗೆ ತಲೆ ಬಡಿಯಿತು.
ಇಪ್ಪತ್ತಾರು ಮಂಚ, ನಾನೊಬ್ಬಳು,
ಹಿಂದಿನ ರಾತ್ರಿಯೂ ನಾನೇ, ಬದಲಿ ಬಂದಿಲ್ಲ,
ಆಚೆ ಒಬ್ಬಳು ಉಚ್ಚೆಯಲ್ಲಿ, ಈಚೆ ಒಬ್ಬಳು ಅಳುತ್ತ,

ನನ್ನ ಕೈ ಎದ್ದಿತು.

ರಿಜಿಸ್ಟರಿನಲ್ಲಿ ಇದಕ್ಕೆ ಅಂಕಣವಿಲ್ಲ, ಇಲ್ಲೇ ಬರೆಯುತ್ತೇನೆ:
ಎರಡು ಮಕ್ಕಳಿಗೆ ಎಣ್ಣೆ ನೀವಿದ ಕೈ,
ಕಿವಿಯ ಮಟ್ಟಕ್ಕೆ ಬಂದು ನಿಂತಿತು.
ನಿಂತದ್ದು ನನ್ನ ಒಳ್ಳೆಯತನದಿಂದಲ್ಲ,
ಅವಳು ಕೂಗಿದ್ದಕ್ಕೆ:
"ದೂರ ಸರಿಯೇ, ಸುಡ್ತದೆ!"

ಏನು ಸುಡುತ್ತೆ?
ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
"ಮರಳು."

ಆಮೇಲೆ ಕಣ್ಣಿಗೆ ಬಿತ್ತು,
ಮೊಳಕೈವರೆಗೂ ಸುಟ್ಟ ಚುಕ್ಕೆಗಳು, ಸಾಸಿವೆ ಚೆಲ್ಲಿದ ಹಾಗೆ.
ಮಂಡಕ್ಕಿ ಭಟ್ಟಿ. ಮೂವತ್ತು ವರ್ಷ
ನಸುಕಿನಲ್ಲಿ ಕೆಂಡದ ಬಾಯಿ ಮುಂದೆ
ಅಕ್ಕಿ ಅರಳುವ ಆ ಒಂದು ಗಳಿಗೆಗೆ ಕಾದು
ಬೀಸಿ ಬೀಸಿ ತೆಗೆದ ಕೈ.
ಆಡುತ್ತ ಪಕ್ಕಕ್ಕೆ ಬಂದ ಮಕ್ಕಳನ್ನು
ದಬ್ಬಿ ದಬ್ಬಿ ಉಳಿಸಿದ ಕೈ.

ನಾವು ಅದನ್ನು ವೇಲಿನಿಂದ ಮಂಚಕ್ಕೆ ಬಿಗಿದು
ಹೊಡೆಯೋ ಮುದುಕಿ ಅಂತ ಹೆಸರಿಟ್ಟಿದ್ದೆವು.

ಬೆಳಿಗ್ಗೆ ರೇವಣಸಿದ್ದಪ್ಪನವರ ಮೇಜಿನ ಮೇಲೆ ವೇಲು ಇಟ್ಟೆ.
ರಾತ್ರಿಗೆ ಇನ್ನೊಬ್ಬಳು ಬೇಕು ಅಂದೆ.
ಕ್ಯಾಮೆರಾ ಹಾಕಿಸೋಣ ಬಿಡಮ್ಮ ಅಂದರು.
ಹಾಕಿಸಿದರು. ಅದು ಗೇಟನ್ನು ನೋಡುತ್ತೆ,
ಒಳಗೆ ಯಾರ ಕೈ ಎಷ್ಟೆತ್ತರ ಎದ್ದಿತೋ ಅದಕ್ಕೇನು.
ಮತ್ತೆ ಕೇಳಿದೆ. ತಿಂಗಳೆಲ್ಲ ಕೇಳಿದೆ.
ನಿನ್ನನ್ನೇ ಬದಲಾಯಿಸಬೇಕಾಗುತ್ತೆ ಅಂದರು.
ಹಳೆ ಪುಟಗಳ ಕಾಲು ಜಾರಿಗಳನ್ನೆಲ್ಲ ಎಣಿಸಿ
ಒಂದು ಹಾಳೆಗಿಳಿಸಿ
ಜಿಲ್ಲಾ ಕಚೇರಿಗೆ ಕೊಟ್ಟು ಬರ್ತೀನಿ ಅಂದ ವಾರ
ಕೊಡಗನೂರಿನ ದುರುಗವ್ವ ಕೆಲಸಕ್ಕೆ ಬಂದಳು.

ಈಗ ನಾಲ್ಕಾದರೆ
ಮಂಚದಿಂದ ಮೂರು ಹೆಜ್ಜೆ ದೂರ ನಿಲ್ಲುತ್ತೇನೆ,
ಭಟ್ಟಿಗೆ ಜಾಗ ಬಿಟ್ಟು.
ಸಿಟ್ಟು ಬರುತ್ತೆ, ಇವತ್ತಿಗೂ ಬರುತ್ತೆ.
ಬಂದ ರಾತ್ರಿ ದುರುಗವ್ವನಿಗೆ ನೀ ನೋಡ್ಕೋ ಅಂದು
ಹೊರಗಿನ ನಲ್ಲಿ ತಿರುವಿ ಮುಖ ತೊಳೆಯುತ್ತೇನೆ.
ಅವಳಿಗೆ ಬಂದರೆ ಅವಳು.
ನಲ್ಲಿಯ ಸದ್ದಿಗೆ ನಮಗಿಬ್ಬರಿಗೂ ಅರ್ಥ ಗೊತ್ತು,
ಯಾರೂ ಏನೂ ಕೇಳುವುದಿಲ್ಲ.

ನಿನ್ನೆ ಮಾಬುಬಿ ಜರಡಿ ಆಡಿಸಿ, ಮರಳು ಇಳಿಸಿ,
ಬರಿ ಬೊಗಸೆ ಚಾಚಿದಳು:
"ಉಪ್ಪು ನೋಡು."
ನೋಡಿದೆ.
ಒಂಚೂರು ಕಮ್ಮಿ ಅಂದೆ.

ಗುರುವಾರ, ನಸುಕು ನಾಲ್ಕು ಹತ್ತು.
ಮಾಬುಬಿ. ನನ್ನನ್ನು ಚೆನ್ನಾಗಿ ಬೈದಳು.
ಮುಂಗೈ ಸರಿ ಇದೆ.