ನಕ್ಷೆಯಲ್ಲಿಲ್ಲದ ತಂತಿ

ತೊಂಬತ್ತು ಯೂರೋ. ಚೌಕಾಸಿಗೂ ನಿಲ್ಲಲಿಲ್ಲ ಜಿಗ್ಮಾಸ್,
ಆಗಲೇ ನಾನು ಅನುಮಾನಪಡಬೇಕಿತ್ತು.
"ಒಬ್ಬನೇ ಯಜಮಾನ. ಒಂದು ಸಲವೂ ಬಿದ್ದದ್ದಿಲ್ಲ"
ಎಂದು ಜಾವಾದ ಟ್ಯಾಂಕು ತಟ್ಟಿದ.
ಒಳಗೆ ತುಕ್ಕಿನ ಚೂರು ಗಿಲಗಿಲ ಎಂದಿತು.

ಹನ್ನೊಂದು ವರ್ಷ ಹುಲ್ಲಿನ ಕೊಟ್ಟಿಗೆಯಲ್ಲಿ ನಿಂತ ಗಾಡಿ.
ರೋಕಿಶ್ಕಿಸ್‌ನ ಚಳಿ ಹನ್ನೊಂದು ಸಲ
ಅದರ ಎಲುಬಿಗಿಳಿದು, ಹನ್ನೊಂದು ಸಲ ಕರಗಿ ಸೋರಿದೆ.

ನಾನು ಶಾಲಾ ಬಸ್ಸು ಓಡಿಸುವ ರಾಮೂನೆ.
ಡೀಸೆಲ್ಲಿನ ಗೊಣಗಾಟ ಬಲ್ಲೆ,
ಈ ಟೂ ಸ್ಟ್ರೋಕಿನ ಹಟ ಬಲ್ಲವಳಲ್ಲ.

ಮೊದಲು ಗಾಳಿಪೆಟ್ಟಿಗೆ ಬಿಚ್ಚಿದೆ. ಇಲಿಯ ಸಂಸಾರ.
ಸೀಟಿನ ಸ್ಪಂಜು, ಓಟ್ಸಿನ ಸಿಪ್ಪೆ,
ಯಾರದೋ ಸ್ವೆಟರಿನ ಕೆಂಪು ನೂಲು,
ಬಾಣಂತಿಯ ಕೋಣೆಯಷ್ಟು ಬೆಚ್ಚಗೆ ಒತ್ತಿ ಕಟ್ಟಿದ ಗೂಡು.
ಖಾಲಿಯೇ. ಆದರೂ ಕೈ ಒಂದಿಷ್ಟು ತಡೆಯಿತು.
ಎಂಜಿನ್ನೂ ಉಸಿರಾಡಬೇಕಲ್ಲ, ಎಳೆದು ಹಾಕಿದೆ.

ಕಾರ್ಬ್ಯುರೇಟರಿನ ತಳದಲ್ಲಿ ಹಸಿರು ಅಂಟು,
ಜೆಟ್ಟಿನ ಕಣ್ಣಿಗೆ ಪೊರೆ.
ಗಿಟಾರಿನ ಸಣ್ಣ ತಂತಿ ತೂರಿಸಿ ಆಕಾಶಕ್ಕೆ ಹಿಡಿದೆ:
ಸಾಸಿವೆಗಿಂತ ಚಿಕ್ಕ ಬೆಳಕು. ಅಷ್ಟು ಸಾಕು.

ಕಿಕ್ಕು. ಕಿಕ್ಕು. ಕಿಕ್ಕು.
(ಈ ಗಾಡಿಯಲ್ಲಿ ಕಿಕ್ಕಿನ ಕಡ್ಡಿಯೇ ಮಡಚಿದರೆ ಗೇರಿನ ಕಡ್ಡಿ;
ಸೌಟು ಹಿಡಿದ ಕೈಯಲ್ಲೇ ಏಟು ಕೊಡುತ್ತಿದ್ದ ನಮ್ಮಮ್ಮನ ಹಾಗೆ.)
ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು:
ಚೋಕು ಎಳೆದರೆ ಹೆಚ್ಚಾಯಿತು, ಬಿಟ್ಟರೆ ಕಡಿಮೆಯಾಯಿತು.

ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿಗೆ ಒರಗಿಸಿ
ಶೆಡ್ಡಿನ ಬಾಗಿಲು ಹಾಕಿದೆ.
ಬಲಕ್ಕೆ ನೀಲಿ ಕಿಡಿ, ಚಟ್ಟನೆ.
ಎಡಕ್ಕೆ ಬಡಕಲು ಹಳದಿ, ಒಲ್ಲದ ಮನಸ್ಸಿನದು.
ಕಂಡೆನ್ಸರ್ ಸತ್ತಿತ್ತು. ಹೊಸದಕ್ಕೆ ಆರು ಯೂರೋ.
ಪಾಯಿಂಟುಗಳನ್ನು ನನ್ನ ಉಗುರಿನ ಅರದಲ್ಲೇ ಉಜ್ಜಿದೆ.

ಬುಧವಾರ ಹೊತ್ತಿಕೊಂಡಿತು!
ಪಕ್ಕದ ಮನೆಯ ಅಲ್ಡೋನಾ ಹೊಗೆಗೆ ಹೆದರಿ
ಒಣಹಾಕಿದ ಬಿಳಿ ದುಪ್ಪಟಿ ಬಾಚಿಕೊಂಡು ಓಡಿದಳು.
ನಾಲ್ಕು ನಿಮಿಷ. ಆಮೇಲೆ ಗಪ್‌ಚಿಪ್.

ಫ್ಯೂಸಿನ ಜಾಗದಲ್ಲಿ ಚಾಕಲೇಟಿನ ಬೇಗಡೆ ಸುತ್ತಿದ್ದ, ಪುಣ್ಯಾತ್ಮ.
ಹೊಸ ಫ್ಯೂಸು ಹಾಕಿದೆ. ಹೋಯಿತು. ಇನ್ನೊಂದು. ಅದೂ ಹೋಯಿತು.
ಮೂರನೆಯದನ್ನು ಕೊಲ್ಲುವ ಬದಲು
ಅಲ್ಲಿ ಒಂದು ಬಲ್ಬು ಕಟ್ಟಿದೆ:
ಇದು ಆರಿದಲ್ಲಿ ಕಳ್ಳ.
ಹೆಡ್‌ಲೈಟಿನ ತಂತಿ ಕಳಚಿದೆ, ಉರಿಯುತ್ತಲೇ ಇದೆ.
ಹಾರ್ನಿನದು. ಉರಿಯುತ್ತಿದೆ.
ಬ್ರೇಕಿನ ದೀಪದ್ದು. ಹೂಂ, ಉರಿಯುತ್ತಿದೆ.
ಕೊನೆಗೆ ಸೀಟಿನಡಿ, ನಕ್ಷೆಯಲ್ಲೇ ಇಲ್ಲದ ಕಂದು ತಂತಿ
ಬಲಕ್ಕೆ ಹೊರಟು, ಚೌಕಟ್ಟಿನ ಅಂಚಲ್ಲಿ ತುಂಡಾಗಿ,
ಬೆತ್ತಲೆ ತುದಿ ಕಬ್ಬಿಣಕ್ಕೆ ಊರಿ ನಿಂತಿತ್ತು.
ಎಳೆದೆ. ಬಲ್ಬು ಆರಿತು.
ಪಕ್ಕದಲ್ಲೇ ಬಣ್ಣ ಸವೆದ ಮೂರು ಬೋಲ್ಟಿನ ಗುರುತು.

ಜಿಗ್ಮಾಸ್‌ಗೆ ಫೋನು ಮಾಡಿದೆ. "ಇದಕ್ಕೆ ಸೈಡ್‌ಕಾರ್ ಇತ್ತಾ?"
ಕುಂಬಳಕಾಯಿ ಕಳ್ಳ ಆ ತುದಿಯಲ್ಲಿ
ಹೆಗಲು ಮುಟ್ಟಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದ.
"ಇತ್ತು. ಇದೆ. ಆಲೂಗಡ್ಡೆ ತುಂಬಿದ್ದೇನೆ."
"ಯಾಕೆ ಬಿಚ್ಚಿದೆ?"
"ಅವಳು ಕೂತಿದ್ದಾಗ ಬಲತಿರುವಿನಲ್ಲಿ
ಮೂರನೆಯ ಚಕ್ರ ನೆಲ ಬಿಡುತ್ತಿರಲಿಲ್ಲ.
ಖಾಲಿ ಆದಮೇಲೆ ಏಳತೊಡಗಿತು."
"ಬಿದ್ದದ್ದಿಲ್ಲ ಅಂದೆಯಲ್ಲ?"
"ಒಂದು ಸಲ."
ಕೆಮ್ಮಿದ. "ಬೇಕಿದ್ದರೆ ನಲವತ್ತು ಯೂರೋ. ಆಲೂಗಡ್ಡೆ ಬಿಟ್ಟು."

ಅವಳು ಯಾರೆಂದು ನಾನು ಕೇಳಲಿಲ್ಲ.
ಕಂದು ತಂತಿಯನ್ನು ಕತ್ತರಿಸಲೂ ಇಲ್ಲ;
ತುದಿಗೆ ಟೇಪು ಸುತ್ತಿ ಸೀಟಿನಡಿ ಮಡಚಿಟ್ಟೆ.
ಎರಡನೆಯ ಕಿಕ್ಕಿಗೇ ಎದ್ದಿತು ಗಾಡಿ.
ಚಾರ್ಜಿನ ಕೆಂಪು ದೀಪ ಮಾತ್ರ ಆರುತ್ತಿಲ್ಲ,
ಡೈನಮೋದ ಬ್ರಷ್ಷು ಸವೆದಿರಬೇಕು.
ಅದು ಶನಿವಾರದ ಕೆಲಸ.